ಹೊಸ ಕಲ್ಲಿನ ಭಟ್ಟಿಗೆ ಮೊದಲ ಬೆಂಕಿ: ಮೊದಲು ನೀರು ಹೋಗಲಿ

ಕಟ್ಟಿಗೆ ಉರಿಸಿ ಬ್ರೆಡ್ಡು, ಪಿಜ್ಜಾ ಸುಡೋಕೆ ಗುಮ್ಮಟದ ಭಟ್ಟಿ ಕಟ್ಟಿ ಮುಗಿಯಿತು. ಗೌಂಡಿ ಕೈ ತೊಳೆದುಕೊಂಡು ನಿಂತಿದ್ದಾನೆ, ಮನೆಯವರೆಲ್ಲ ಫೋಟೋ ತೆಗೆದುಕೊಂಡಾಯಿತು. ಮುಂದಿನ ಮಾತು ಎಲ್ಲ ಕಡೆ ಒಂದೇ. "ಇವತ್ತ ಸಂಜೀಗೇ ಹಚ್ಚೋಣಲ್ರೀ?" ಗೌಂಡಿಯೂ ಹೂಂ ಅಂತಾನೆ. "ಏನೂ ಆಗಂಗಿಲ್ರೀ, ಹಾಕ್ರಿ ಬೆಂಕಿ."

ಹಾಕಬೇಡಿ.

ಹೊಸ ಭಟ್ಟಿ ಬೆಂಕಿಗೆ ಒಡೆಯುತ್ತದೆ ಅಂತ ಜನ ತಿಳಿದಿರುತ್ತಾರೆ. ಒಡೆಯೋದು ನೀರಿಗೆ. ಗಾರೆ ಕಲಸುವಾಗ ಎಷ್ಟು ಕೊಡ ನೀರು ಸುರಿದಿರಿ ನೆನಪು ಮಾಡಿಕೊಳ್ಳಿ. ಇಟ್ಟಂಗಿ ನೆನೆಸಿಟ್ಟದ್ದು ಬೇರೆ, ಗಿಲಾವು ಹಾಕಿದ ಮೇಲೆ ದಿನಕ್ಕೆ ಎರಡು ಸಲ ಪೈಪು ಹಿಡಿದದ್ದು ಬೇರೆ. ಅದರಲ್ಲಿ ಒಂದಷ್ಟು ಆರಿದೆ, ಉಳಿದದ್ದು ಗೋಡೆಯೊಳಗೇ ಕೂತಿದೆ. ಒಂದು ಲೀಟರ್ ನೀರು 100 ಡಿಗ್ರಿಯಲ್ಲಿ ಆವಿಯಾದರೆ ಹತ್ತಿರ ಹತ್ತಿರ 1,700 ಲೀಟರ್ ಜಾಗ ಬೇಡುತ್ತದೆ. ನಿಧಾನಕ್ಕೆ ಕಾಯಿಸಿದರೆ ಆ ಆವಿ ಗಾರೆಯ ಸಣ್ಣ ಸಣ್ಣ ರಂಧ್ರದಿಂದ ಹೊರಗೆ ಹೋಗುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಒಮ್ಮೆಲೇ ಉರಿ ಹಾಕಿದರೆ ಹೋಗೋಕೆ ದಾರಿ ಸಾಲದೆ ಗಾರೆಯನ್ನೇ ಸೀಳಿಕೊಂಡು ಬರುತ್ತದೆ. ಕಲ್ಲಿನ ಚೆಕ್ಕೆ ಹಾರುವುದು, ಗುಮ್ಮಟದ ನಡುವೆ ಬಿರುಕು ಬೀಳುವುದು, ನೆತ್ತಿಯ ಇಟ್ಟಂಗಿ ಸಡಿಲಾಗಿ ಕೆಳಗಿಳಿಯುವುದು, ಎಲ್ಲದರ ಮೂಲ ಇದೇ.

ಹಾಗಾಗಿ ಮೊದಲ ವಾರದ ಬೆಂಕಿ ಅಡುಗೆಗಲ್ಲ. ಭಟ್ಟಿ ಒಣಗಿಸೋಕೆ. ಮನೆಯವರಿಗೆ ಇದನ್ನು ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಬೀಗರನ್ನು ಊಟಕ್ಕೆ ಕರೆದುಬಿಟ್ಟಿರುತ್ತಾರೆ.

ಇನ್ನು ಪೂಜೆಯ ವಿಷಯ. ಒಳ್ಳೆಯ ದಿನ ನೋಡಿ ಹಚ್ಚಬೇಕು ಅಂತ ಮನೆಯ ಹಿರಿಯರು ಹೇಳುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆ ದಿನ ಕಾಯಿ ಒಡೆಯಿರಿ, ಅರಿಶಿನ ಕುಂಕುಮ ಇಡಿ, ಒಳಗೆ ಒಂದು ಎಣ್ಣೆ ದೀಪ ಹಚ್ಚಿಡಿ. ಶಾಸ್ತ್ರಕ್ಕೆ ಶಾಸ್ತ್ರವೂ ಆಯಿತು, ಒಣಗಿಸುವ ಕೆಲಸವೂ ಶುರುವಾಯಿತು.

ಮೊದಲು ಏನು ಹಾಕಿ ಕಟ್ಟಿದ್ದಾರೆ ನೋಡಿ

ನಮ್ಮ ಕಡೆ ಕಲ್ಲಿಗೆ ಬರ ಇಲ್ಲ. ಅದೇ ತೊಂದರೆ ಕೂಡ. ಕೈಗೆ ಸಿಕ್ಕ ಕಲ್ಲನ್ನು ಭಟ್ಟಿಗೆ ಹಾಕಿಬಿಡುತ್ತಾರೆ. ಹೊರಗಿನ ಕಟ್ಟೆಗೆ, ಕೆಳಗಿನ ಅಡಿಪಾಯಕ್ಕೆ ಯಾವ ಕಲ್ಲಾದರೂ ನಡೆಯುತ್ತದೆ. ಬೆಂಕಿ ಮುಟ್ಟುವ ಒಳಮೈ ಹಾಗಲ್ಲ.

ಬಾದಾಮಿಯ ಕೆಂಪು ಮರಳುಗಲ್ಲು ನೋಡೋಕೆ ಚೆಂದ. ಅದರ ತುಂಬ ಇರುವುದು ಸ್ಫಟಿಕದ ಹರಳು, ಆ ಹರಳು 573 ಡಿಗ್ರಿಯಲ್ಲಿ ಒಮ್ಮೆಲೇ ಹಿಗ್ಗುತ್ತದೆ. ಉರಿಯ ಪಕ್ಕದ ಕಲ್ಲು ಅಷ್ಟು ಕಾಯುವುದು ದೊಡ್ಡ ಮಾತಲ್ಲ. ಇಳಕಲ್ಲಿನ ಗ್ರಾನೈಟಿನಲ್ಲೂ ಅದೇ ಹರಳು ಇದೆ, ಅದೂ ಚೆಕ್ಕೆ ಏಳುತ್ತದೆ. ಶಹಾಬಾದ್ ಫರಸಿಯನ್ನು ನೆಲಕ್ಕೆ ಹಾಕೋಣ ಅಂತ ಬಹಳ ಜನ ಕೇಳುತ್ತಾರೆ, ಮನೆಯ ಪಡಸಾಲೆಯಲ್ಲಿ ಹಾಕಿದ್ದು ಉಳಿದಿರುತ್ತದಲ್ಲ. ಬೇಡ. ಅದು ಸುಣ್ಣದಕಲ್ಲು. ಪದರ ಪದರವಾಗಿ ಏಳುತ್ತದೆ, 800-900 ಡಿಗ್ರಿ ಕಂಡರೆ ಸುಟ್ಟು ಸುಣ್ಣವೇ ಆಗುತ್ತದೆ, ಆಮೇಲೆ ತೇವ ಹೀರಿ ಪುಡಿಯಾಗುತ್ತದೆ. ಬಾಗಲಕೋಟೆ, ಮುಧೋಳ, ಲೋಕಾಪುರದ ಸುತ್ತ ಸಿಮೆಂಟ್ ಫ್ಯಾಕ್ಟರಿಗಳು ಬಂದು ಕೂತಿರುವುದೇ ಈ ಸುಣ್ಣದಕಲ್ಲಿಗೆ, ಅಂದರೆ ಅಲ್ಲಿ ಹೊಲದ ಬದುವಿನಿಂದ ಎತ್ತಿ ತಂದ ಕಲ್ಲು ಇದೇ ಜಾತಿಯದು ಆಗಿರುವ ಸಾಧ್ಯತೆ ಜಾಸ್ತಿ. ಹೊಳೆಯಿಂದ ತಂದ ನುಣುಪು ಗುಂಡುಕಲ್ಲಂತೂ ಬೆಂಕಿಯ ಹತ್ತಿರ ಸುಳಿಯಲೇಬಾರದು. ಒಳಗೆ ನೀರು ಹಿಡಿದುಕೊಂಡಿರುತ್ತದೆ, ಸಿಡಿಯುತ್ತದೆ.

ಒಳಮೈಗೆ ಮತ್ತು ನೆಲಕ್ಕೆ ಫೈರ್ ಬ್ರಿಕ್ಕೇ, ಅಂದರೆ ಜೋರು ಕಾವು ತಾಳುವ ಇಟ್ಟಂಗಿಯೇ ಸರಿ. ಬೆಳಗಾವಿಯವರಿಗೆ ಇದು ಕಷ್ಟದ ಮಾಲಲ್ಲ. ಉದ್ಯಮಬಾಗ್, ಮಚ್ಛೆ ಕಡೆ ಇಷ್ಟೊಂದು ಫೌಂಡ್ರಿಗಳಿವೆ, ಕುಲುಮೆಗೆ ಬೇಕಾಗುವ ಇಟ್ಟಂಗಿ, ಫೈರ್ ಕ್ಲೇ (ಕಾವು ತಾಳುವ ಜೇಡಿಮಣ್ಣು) ಎರಡನ್ನೂ ಎಲ್ಲಿಂದ ತರಿಸುತ್ತಾರೆ ಅಂತ ಅಲ್ಲಿ ಕೇಳಿದರೆ ದಾರಿ ಸಿಗುತ್ತದೆ. ಬರೀ ಕಲ್ಲಿನ ಭಟ್ಟಿಯೇ ಬೇಕು ಅನ್ನುವವರಿಗೆ ಒಂದು ಮಾತು: ಗೋಳಗುಮ್ಮಟದ ಗೋಡೆ ಕರಿಕಲ್ಲಿನದು, ಆದರೆ ಮೇಲಿನ ಗುಮ್ಮಟ ಇಟ್ಟಂಗಿ ಮತ್ತು ಸುಣ್ಣದ ಗಾರೆಯದು. ಅಲ್ಲಿ ಬೆಂಕಿಯ ಪ್ರಶ್ನೆ ಇರಲಿಲ್ಲ ಬಿಡಿ. ಆದರೂ ಹೊರಗೆ ಕಲ್ಲು, ಗುಮ್ಮಟಕ್ಕೆ ಇಟ್ಟಂಗಿ ಅಂದರೆ ಮರ್ಯಾದೆಯೇನೂ ಹೋಗುವುದಿಲ್ಲ.

ಗಾರೆಯೂ ಅಷ್ಟೇ ಮುಖ್ಯ. ಬರೀ ಸಿಮೆಂಟು-ಉಸುಕಿನ ಗಾರೆ 300 ಡಿಗ್ರಿ ದಾಟಿದ ಮೇಲೆ ಬಲ ಕಳೆದುಕೊಳ್ಳುತ್ತಾ ಹೋಗುತ್ತದೆ, 400-500ಕ್ಕೆ ಒಳಗಿಂದಲೇ ಸಡಿಲಾಗುತ್ತದೆ. ಮನೆಮಟ್ಟದ ಭಟ್ಟಿಗೆ ಬಹಳ ಕಡೆ ನಡೆಯುವ ಅಳತೆ ಹೀಗೆ: ಉಸುಕು 3, ಸಿಮೆಂಟು 1, ಸುಣ್ಣ 1, ಫೈರ್ ಕ್ಲೇ 1. ಗೌಂಡಿಯನ್ನು ಕೇಳಿ ತಿಳಿದುಕೊಳ್ಳಿ. ಒಳಗೂ ಬರೀ ಸಿಮೆಂಟಿನಲ್ಲೇ ಕಟ್ಟಿದ್ದಾನೆ ಅಂತ ಗೊತ್ತಾದರೆ, ಎಷ್ಟೇ ಜತನ ಮಾಡಿ ಒಣಗಿಸಿದರೂ ಅದು ಜಾಸ್ತಿ ಕಾಲ ಬಾಳುವುದಿಲ್ಲ. ಆಗ ಪಿಜ್ಜಾದ ಆಸೆ ಬಿಟ್ಟು ಬ್ರೆಡ್ಡಿನ ಹದಕ್ಕೆ ಮಾತ್ರ ಕಾಯಿಸುವುದು ಒಳ್ಳೆಯದು.

ಎಷ್ಟು ದಿನ ಸುಮ್ನೆ ಬಿಡಬೇಕು

ಸಿಮೆಂಟು ಅಥವಾ ಸುಣ್ಣ ಬೆರೆಸಿದ ಗಾರೆಯಾದರೆ ಮೊದಲ ಒಂದು ವಾರ ಒದ್ದೆ ಗೋಣಿಚೀಲ ಹೊದಿಸಿ ತೇವದಲ್ಲೇ ಇಡಿ. ಅದು ಗಟ್ಟಿಯಾಗೋಕೆ ನೀರು ಬೇಕು. ಆಮೇಲೆ ಚೀಲ ತೆಗೆದು, ಬಾಯಿ ತೆರೆದಿಟ್ಟು, ಎರಡು-ಮೂರು ವಾರ ನೆರಳು-ಗಾಳಿಯಲ್ಲಿ ಒಣಗೋಕೆ ಬಿಡಿ. ಬರೀ ಮಣ್ಣಿನಲ್ಲಿ ಕಟ್ಟಿದ್ದರೆ ನೀರು ಹಾಕುವ ಮಾತೇ ಇಲ್ಲ, ಉಗುರಿನಿಂದ ಕೆರೆದರೆ ಗೆರೆ ಬೀಳದಷ್ಟು ಗಟ್ಟಿಯಾಗುವವರೆಗೆ ಕಾಯುವುದು ಅಷ್ಟೇ.

ಊರಿನ ಮೇಲೂ ಹೋಗುತ್ತದೆ. ವಿಜಯಪುರದ ಏಪ್ರಿಲ್ ಬಿಸಿಲಿಗೆ ಬಟ್ಟೆ ಹಿಂಡುವ ಮೊದಲೇ ಒಣಗುತ್ತದೆ ಅಂತಾರಲ್ಲ, ಅಲ್ಲಿ ಉಲ್ಟಾ ತೊಂದರೆ: ಹೊರಮೈ ಬೇಗ ಒಣಗಿ ಬಿರಿಯುತ್ತದೆ, ಒಳಗೆ ಹಸಿ ಹಾಗೇ ಇರುತ್ತದೆ. ನೇರ ಬಿಸಿಲು ಬೀಳದ ಹಾಗೆ ತಟ್ಟು ಕಟ್ಟಿ. ಖಾನಾಪುರ ಕಡೆ ಜೂನ್ ಬಂದರೆ ಗಾಳಿಯೇ ಒದ್ದೆ, ಅಲ್ಲಿ ಮಳೆಗಾಲದಲ್ಲಿ ಕಟ್ಟಿದ ಭಟ್ಟಿಗೆ ಹೇಳಿದ್ದರ ಎರಡರಷ್ಟು ದಿನ ಕೊಡಬೇಕು. ನನ್ನನ್ನು ಕೇಳಿದರೆ ಸಂಕ್ರಾಂತಿ ಮುಗಿದ ಮೇಲೆ ಕಟ್ಟಿಸಿ, ಯುಗಾದಿಯ ಹೊತ್ತಿಗೆ ಒಣಗಿಸುವುದು ಎಲ್ಲಕ್ಕಿಂತ ಸಲೀಸು.

ಹೊರಗಿನ ಬಣ್ಣ, ನೀರು ತಡೆಯುವ ಕೋಟಿಂಗ್ ಇದೆಲ್ಲ ಕೊನೆಗೆ. ಮೊದಲೇ ಬಳಿದರೆ ಆವಿ ಹೊರಗೆ ಹೋಗುವ ಬಾಗಿಲು ಮುಚ್ಚಿದಂತೆ. ಕಾವು ಹೊರಗೆ ಹೋಗದಂತೆ ಸೆರಾಮಿಕ್ ಬ್ಲಾಂಕೆಟ್ (ಕಾವು ತಡೆಯುವ ಎಳೆಯ ಹೊದಿಕೆ) ಹೊದಿಸಿ ಮೇಲೆ ಗಿಲಾವು ಮಾಡಿಸಿದ್ದರೆ ನೆತ್ತಿಯಲ್ಲಿ ಬೆರಳು ತೂರುವಷ್ಟು ಒಂದು ತೂತು ಬಿಡಿಸಿ. ಆ ಬ್ಲಾಂಕೆಟ್ ಕತ್ತರಿಸುವಾಗ ಮಾಸ್ಕು, ಕೈಗವಸು ಬೇಕೇ ಬೇಕು, ಅದರ ಎಳೆ ಪುಪ್ಪುಸಕ್ಕೆ ಒಳ್ಳೆಯದಲ್ಲ.

ಹಚ್ಚುವ ಮುಂಚಿನ ತಯಾರಿ

ಒಂದು ಬಕೆಟ್ ಉಸುಕು, ಒಂದು ಬಕೆಟ್ ನೀರು, ಚರ್ಮದ ಕೈಗವಸು, ಉದ್ದ ಹಿಡಿಕೆಯ ಕಬ್ಬಿಣದ ಸಲಿಕೆ, ಮುಚ್ಚಳ ಇರುವ ಕಬ್ಬಿಣದ ಡಬ್ಬಿ. ನೀರು ನಿಮ್ಮ ಕೈ ಸುಟ್ಟರೆ ಅಂತ ಇಟ್ಟದ್ದು, ಭಟ್ಟಿಗೆ ಎರಚೋಕಲ್ಲ. ಕಾದ ಭಟ್ಟಿಗೆ ನೀರು ಬಿದ್ದರೆ ಇಟ್ಟಂಗಿ ಸೀಳುವುದು ಒಂದು ಕಡೆ, ಎದುರಿಗೆ ನಿಂತವರ ಮುಖಕ್ಕೆ ಕುದಿಯುವ ಆವಿ ಬಂದು ಬಡಿಯುವುದು ಇನ್ನೊಂದು ಕಡೆ. ಬೆಂಕಿ ತಗ್ಗಿಸಬೇಕಾದರೆ ಉಸುಕು.

ಟೆಂಪರೇಚರ್ ಗನ್ ಒಂದು ಕೊಳ್ಳಿ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದದ್ದು ನಡೆಯುವುದಿಲ್ಲ, ಅದು ಮೈಯ ಜ್ವರ ನೋಡೋಕೆ ಮಾತ್ರ. ಅಂಗಡಿಯಲ್ಲಿ ಕೆಲಸಗಾರರು ಬಳಸುವ ಇಂಡಸ್ಟ್ರಿಯಲ್ ಗನ್ ಕೇಳಿ. ಅದರಲ್ಲೂ ಅಗ್ಗದವು 380 ಡಿಗ್ರಿಗೇ ನಿಂತುಬಿಡುತ್ತವೆ, 500ಕ್ಕಿಂತ ಮೇಲೆ ಓದುವಂಥದ್ದು ತಗೊಳ್ಳಿ. ಉರಿಗೆ ಗುರಿ ಹಿಡಿಯಬೇಡಿ, ಗೋಡೆಗೆ ಹಿಡಿಯಿರಿ. ಅದು ತೋರಿಸುವುದು ಮೇಲ್ಮೈಯ ಬಿಸಿ ಮಾತ್ರ, ಒಳಗೆ ಎಷ್ಟು ಹೊಕ್ಕಿದೆ ಅಂತ ಹೇಳುವುದಿಲ್ಲ.

ಸುತ್ತಮುತ್ತ ನೋಡಿ. ಹಳ್ಳಿಯಲ್ಲಾದರೆ ಮೇವಿನ ಬಣವೆ ಎಷ್ಟು ದೂರ ಇದೆ ಅನ್ನುವುದು ಮೊದಲ ಪ್ರಶ್ನೆ. ಒಂದು ಕಿಡಿ ಸಾಕು, ವರ್ಷದ ಕಣಿಕೆ ಹೋಗುತ್ತದೆ. ಬೇಸಿಗೆಯ ಸಂಜೆ ಬಾಗಲಕೋಟೆ, ವಿಜಯಪುರ ಕಡೆ ಸುಂಟರಗಾಳಿ ಏಳುವುದು ಗೊತ್ತೇ ಇದೆ. ಗಾಳಿ ಎದ್ದ ದಿನ ಹಚ್ಚಬೇಡಿ, ಮರುದಿನ ಬೆಳಗ್ಗೆ ನೋಡಿಕೊಂಡರಾಯಿತು. ಹೊಗೆಕೊಳವೆಯ ಬಾಯಿಗೆ ಕಬ್ಬಿಣದ ಜಾಳಿಗೆ ಹಾಕಿಸಿದರೆ ಕಿಡಿ ಹಾರುವುದು ಕಡಿಮೆಯಾಗುತ್ತದೆ. ಮೇಲೆ ತಗಡಿನ ಶೆಡ್ ಇದ್ದರೆ ಕೊಳವೆ ತಗಡು ದಾಟಿ ಮೇಲೆ ಹೋಗಿರಬೇಕು, ಕಟ್ಟಿಗೆಯ ತೊಲೆಗೆ ತಾಗಿರಬಾರದು. ಮುಚ್ಚಿದ ಕೋಣೆಯಲ್ಲಿ, ಕಿಟಕಿ ಹಾಕಿದ ಅಡುಗೆಮನೆಯಲ್ಲಿ ಈ ಕೆಲಸ ಮಾಡಲೇಬಾರದು. ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ವಾಕರಿಕೆ, ಮಂಪರು ಬಂದರೆ ತಕ್ಷಣ ಹೊರಗೆ ಬಂದುಬಿಡಿ.

ಬಟ್ಟೆ ಹತ್ತಿಯದಿರಲಿ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ, ನೈಲಾನ್ ನೈಟಿ, ಸಿಂಥೆಟಿಕ್ ದುಪಟ್ಟಾ ಬೇಡ.

ಕಟ್ಟಿಗೆ

ಒಣಕಟ್ಟಿಗೆ ಅಂದರೆ ನಿಜಕ್ಕೂ ಒಣಗಿದ್ದು. ಸೀಳಿ ಆರು ತಿಂಗಳಾದರೂ ಬಿಸಿಲು-ಗಾಳಿ ಕಂಡಿರಬೇಕು. ಅಡ್ಡೆಯಲ್ಲಿ ತಗೊಳ್ಳುವಾಗ ಎರಡು ತುಂಡು ಕೈಯಲ್ಲಿ ಹಿಡಿದು ಒಂದಕ್ಕೊಂದು ಬಡಿಯಿರಿ. ಟಣ್ ಅಂದರೆ ಒಣಗಿದೆ, ಧಪ್ ಅಂದರೆ ಹಸಿ. ತುದಿಯಲ್ಲಿ ಸೀಳುಗೆರೆಗಳು ಇರಬೇಕು, ತೊಗಟೆ ಸುಲಭಕ್ಕೆ ಕಳಚಬೇಕು. ಹಸಿ ಕಟ್ಟಿಗೆ ಹಾಕಿದರೆ ನೀವು ಹೊರಗೆ ಕಳಿಸುತ್ತಿರುವ ನೀರನ್ನೇ ಮತ್ತೆ ಒಳಗೆ ತುಂಬಿದ ಹಾಗೆ.

ಒಣಗಿಸುವ ವಾರಕ್ಕೆ ಜಾಲಿಯ ಸಣ್ಣ ತುಂಡುಗಳು ಸಾಕು, ನಿಧಾನಕ್ಕೆ ಉರಿದು ಒಳ್ಳೆಯ ಕೆಂಡ ಬಿಡುತ್ತವೆ. ಹುಣಸೆ ತುಂಬಾ ಬಿಸಿ, ಅದನ್ನು ಮುಂದಕ್ಕೆ ಇಟ್ಟುಕೊಳ್ಳಿ. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಹೊತ್ತಿಸೋಕೆ ಮಾತ್ರ. ಅವು ಭಗ್ ಅಂತ ಎದ್ದು ಐದು ನಿಮಿಷಕ್ಕೆ ಬೂದಿಯಾಗುತ್ತವೆ, ಹೊಸ ಗುಮ್ಮಟಕ್ಕೆ ಇದಕ್ಕಿಂತ ಕೆಟ್ಟ ಬೆಂಕಿ ಇಲ್ಲ. ಕಬ್ಬಿನ ರವದಿಯೂ (ಒಣ ಎಲೆ) ಅದೇ. ಬೆಲ್ಲದ ಗಾಣದಲ್ಲಿ ಒಲೆ ಬಾಯಿಗೆ ರವದಿ ನೂಕುವುದನ್ನು ನೋಡಿದವರು ಇಲ್ಲೂ ಹಾಗೇ ನೂಕೋಕೆ ಹೋಗುತ್ತಾರೆ. ಅಲ್ಲಿ ಮೇಲೆ ಕೊಪ್ಪರಿಗೆ ತುಂಬ ಕಬ್ಬಿನ ಹಾಲು ಇರುತ್ತದೆ, ಕಾವನ್ನೆಲ್ಲ ಅದು ಕುಡಿಯುತ್ತದೆ. ಇಲ್ಲಿ ಅದನ್ನೆಲ್ಲ ಇಟ್ಟಂಗಿಯೇ ತಿನ್ನಬೇಕು. ಕುಳ್ಳು ಒಂದು ರೀತಿಯಲ್ಲಿ ಚೆನ್ನಾಗಿದೆ, ಸಣ್ಣ ಕಾವು, ಬಹಳ ಹೊತ್ತು. ಹೊಗೆ ಸ್ವಲ್ಪ ಜಾಸ್ತಿ.

ಬೇವಿನ ಹೊಗೆ ಕಹಿ, ಅಡುಗೆಗೆ ಬೇಡ. ಕಣಗಿಲೆ ವಿಷ, ಮುಟ್ಟಲೇಬೇಡಿ. ಪ್ಲೈವುಡ್, ಬಣ್ಣ ಹೊಡೆದ ಬಾಗಿಲು-ಚೌಕಟ್ಟು, ಹಳೆಯ ಫರ್ನಿಚರು, ಇದನ್ನೆಲ್ಲ ಸುಟ್ಟರೆ ಅದರ ಅಂಟು ಮತ್ತು ಬಣ್ಣದ ಹೊಗೆ ನಿಮ್ಮ ರೊಟ್ಟಿಗೇ ಬರುತ್ತದೆ. ಸೀಮೆಎಣ್ಣೆ, ಪೆಟ್ರೋಲು, ಡೀಸೆಲ್ ಹಾಕಿ ಹೊತ್ತಿಸುವ ಚಾಳಿ ಇದ್ದರೆ ಇವತ್ತೇ ಬಿಡಿ. ಗುಮ್ಮಟದೊಳಗೆ ಆವಿ ತುಂಬಿ ಕಡ್ಡಿ ಗೀರಿದ ಕೂಡಲೇ ಹೊರಕ್ಕೆ ಹಾರುತ್ತದೆ, ಎದುರಿಗೆ ಬಗ್ಗಿರುವುದು ನಿಮ್ಮ ಮುಖ.

ಈಗ ಹಚ್ಚೋಣ

ಮೊದಲು ಬಲ್ಬು. ತಮಾಷೆಯಲ್ಲ. ಹಳೆಯ ನಮೂನೆಯ 100 ವ್ಯಾಟಿನ ತಂತಿ ಬಲ್ಬು ಸಿಕ್ಕರೆ ಭಟ್ಟಿಯ ನಡುವೆ ಒಂದು ಇಟ್ಟಂಗಿಯ ಮೇಲೆ ಹೋಲ್ಡರ್ ಇಟ್ಟು ಎರಡು-ಮೂರು ದಿನ ಹಗಲು-ರಾತ್ರಿ ಉರಿಸಿ. ಎಲ್‌ಇಡಿ ಬೇಡ, ಅದು ಕಾಯುವುದೇ ಇಲ್ಲ. ವೈರು ಬಲ್ಬಿಗೆ ತಾಗದಿರಲಿ, ಒದ್ದೆ ನೆಲದ ಮೇಲೆ ಹರಿದಾಡದಿರಲಿ. ಬಾಯಿಗೆ ಬಾಗಿಲು ಅರ್ಧ ಮಾತ್ರ ಆನಿಸಿ, ತೇವ ಹೊರಗೆ ಬರೋಕೆ ದಾರಿ ಬೇಕಲ್ವಾ. ಕರೆಂಟು ಹೋದರೆ ಹೋಗಲಿ, ಮತ್ತೆ ಬಂದಾಗ ಮುಂದುವರಿಸಿ, ಇದರಲ್ಲಿ ಅವಸರದ ಮಾತೇ ಇಲ್ಲ.

ಆಮೇಲೆ ಒಂದೆರಡು ದಿನ ಶೇಗಡಿ. ಹೊರಗೆ ಇದ್ದಿಲು ಹೊತ್ತಿಸಿ, ಕೆಂಪಗಾದ ಮೇಲೆ ಶೇಗಡಿ ಸಮೇತ ಭಟ್ಟಿಯ ನಡುವೆ ಇಡಿ. ಗೋಡೆಯ ಬಿಸಿ 60 ರಿಂದ 90 ಡಿಗ್ರಿಯ ಒಳಗೇ ಇರಲಿ. ಅಂದರೆ ನೀರು ಕುದಿಯುವ ಮಟ್ಟಕ್ಕೆ ಮುಟ್ಟದ ಹಾಗೆ. ಈ ಹಂತ ಎಲ್ಲರಿಗೂ ಬೇಜಾರು, ಎಲ್ಲರೂ ದಾಟಿಸೋಕೆ ನೋಡುತ್ತಾರೆ. ಆದರೆ ಜಾಸ್ತಿ ನೀರು ಹೋಗುವುದು ಇಲ್ಲೇ, ಸದ್ದಿಲ್ಲದೆ.

ಕಟ್ಟಿಗೆಯ ಬೆಂಕಿ ಇದಾದ ಮೇಲೆ. ಮೊದಲ ದಿನ ನಡುವೆ ಎರಡು ಸಣ್ಣ ತುಂಡು, ಮೇಲೆ ನಾಲ್ಕು ತೆಳು ಸೀಳುಕಟ್ಟಿಗೆ, ಅಷ್ಟೇ. ಗೋಡೆಗೆ ಒತ್ತಿ ಇಡಬೇಡಿ, ಒಂದೇ ಜಾಗ ಕಾದು ಉಳಿದದ್ದು ತಣ್ಣಗಿದ್ದರೆ ಅಲ್ಲಿ ಬಿರುಕು ಗ್ಯಾರಂಟಿ. ಜ್ವಾಲೆ ನೆತ್ತಿಯನ್ನು ನೆಕ್ಕಬಾರದು. ನೆತ್ತಿಯ ಬಿಸಿ ಗಂಟೆಗೆ 25-30 ಡಿಗ್ರಿಗಿಂತ ಜಾಸ್ತಿ ಏರದ ಹಾಗೆ ಒಂದೊಂದೇ ಚೂರು ಹಾಕುತ್ತಾ 150ಕ್ಕೆ ತನ್ನಿ, ಅಲ್ಲೇ ಐದಾರು ಗಂಟೆ ನಿಲ್ಲಿಸಿ. ನಿಲ್ಲಿಸುವುದೇ ಕಷ್ಟದ ಕೆಲಸ. ಬೆಂಕಿ ಆರುತ್ತಿದೆ ಅನಿಸಿದಾಗ ಕೈ ತಾನಾಗಿ ದೊಡ್ಡ ತುಂಡಿಗೆ ಹೋಗುತ್ತದೆ. ಪಕ್ಕದಲ್ಲಿ ದೊಡ್ಡ ತುಂಡು ಇಟ್ಟುಕೊಳ್ಳಲೇಬೇಡಿ, ಅದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ಎರಡನೆಯ ದಿನ 175, ಮೂರನೆಯ ದಿನ 200, ಹೀಗೆ 230, 260, 300 ಅಂತ ಏರಿಸುತ್ತಾ ಏಳನೆಯ ದಿನ 350ರ ಹತ್ತಿರ. ಪ್ರತಿ ದಿನವೂ ಐದಾರು ಗಂಟೆ. ಉರಿ ಪೂರ್ತಿ ಆರಿ ಕೆಂಡ ಬೂದಿ ಮುಚ್ಚಿದ ಮೇಲೆ ಬಾಗಿಲನ್ನು ಸ್ವಲ್ಪ ಸಂದು ಬಿಟ್ಟು ಆನಿಸಿ, ರಾತ್ರಿಯಿಡೀ ತಾನಾಗಿ ತಣ್ಣಗಾಗಲಿ. ಬೇಗ ತಣಿಯಲಿ ಅಂತ ಫ್ಯಾನು ಹಚ್ಚುವುದು ಬೇಡ. ನಡುವೆ ಒಂದು ದಿನ ಊರಿಗೆ ಹೋಗಬೇಕಾಯಿತು ಅಂತ ತಪ್ಪಿದರೆ ತೊಂದರೆಯಿಲ್ಲ, ಮತ್ತೆ ಬಂದಾಗ ಬಿಟ್ಟ ಮಟ್ಟಕ್ಕಿಂತ ಒಂದು ಮೆಟ್ಟಿಲು ಕೆಳಗಿನಿಂದ ಶುರುಮಾಡಿ.

ಈ ಅಂಕಿಗಳನ್ನು ಪಂಚಾಂಗದಂತೆ ಹಿಡಿಯಬೇಡಿ. ಗೋಡೆ ದಪ್ಪ ಇದ್ದರೆ, ಮಳೆಗಾಲವಾಗಿದ್ದರೆ ಒಂದೊಂದು ಮಟ್ಟದಲ್ಲಿ ಎರಡು ದಿನ ಬೇಕಾಗಬಹುದು. ಭಟ್ಟಿಯೇ ಹೇಳುತ್ತದೆ, ನೋಡೋಕೆ ಕಲಿಯಬೇಕು.

ನೀರು ಹೋಗುತ್ತಿದೆಯಾ ಅಂತ ಹೇಗೆ ಗೊತ್ತಾಗುತ್ತದೆ

ಎರಡನೆಯ ಅಥವಾ ಮೂರನೆಯ ಬೆಂಕಿಯ ಹೊತ್ತಿಗೆ ಭಟ್ಟಿಯ ಹೊರಗಿನ ಗಿಲಾವನ್ನು ಹತ್ತಿರದಿಂದ ನೋಡಿ. ಬೆಳಗ್ಗೆ ಒಂದೇ ಬೂದು ಬಣ್ಣ ಇದ್ದ ಮೈಮೇಲೆ ಭುಜದ ಎತ್ತರದಲ್ಲಿ ಕಪ್ಪು ಕಲೆಗಳು ಮೂಡುತ್ತವೆ, ಮೊದಲು ರೂಪಾಯಿಯಗಲ, ಒಂದು ಗಂಟೆ ಬಿಟ್ಟು ನೋಡಿದರೆ ಅಂಗೈಯಗಲ. ಮುಟ್ಟಿದರೆ ಬೆಚ್ಚಗೆ, ಒದ್ದೆ. ಹೊಗೆಕೊಳವೆ ಕೂಡುವ ಸಂದಿಯಿಂದ ಚಹಾ ಬಣ್ಣದ ಹನಿಗಳು ಒಂದೊಂದಾಗಿ ಇಳಿದು ಗಿಲಾವಿನ ಮೇಲೆ ಕಂದು ಗೆರೆ ಎಳೆಯುತ್ತವೆ. ಬಾಯಿಯ ಕಮಾನಿನ ಒಳಗಡೆ ಬೆವರು. ಹಸಿ ಸುಣ್ಣದ ವಾಸನೆ. ಇದನ್ನು ನೋಡಿ "ಅಯ್ಯೋ ಭಟ್ಟಿ ಸೋರಾಕತ್ತೈತಿ" ಅಂತ ಗಾಬರಿಯಾಗಬೇಡಿ. ಎಲ್ಲ ಸರಿಯಾಗಿ ನಡೆಯುತ್ತಿದೆ ಅಂತಲೇ ಅರ್ಥ. ಕಲೆ ಹಿಗ್ಗುತ್ತಿರುವ ದಿನ ಬೆಂಕಿ ಏರಿಸಬೇಡಿ. ಕಲೆ ನಿಂತು, ಅಂಚಿನಿಂದ ಒಳಗೆ ಕುಗ್ಗೋಕೆ ಶುರುವಾದ ಮೇಲೆ ಮುಂದಿನ ಮಟ್ಟ.

ಇನ್ನೊಂದು ಪರೀಕ್ಷೆ ತಾಟಿನದು. ತಣ್ಣಗಿನ ಸ್ಟೀಲ್ ತಾಟನ್ನು ಇಕ್ಕಳದಿಂದ ಹಿಡಿದು, ಬಾಯಿಯ ಮೇಲಂಚಿನಲ್ಲಿ ಬಿಸಿಗಾಳಿ ಹೊರಬರುವ ಕಡೆ ಎರಡು ಸೆಕೆಂಡ್ ಹಿಡಿಯಿರಿ. ಮಂಜು ಕಟ್ಟಿದರೆ ನೀರು ಇನ್ನೂ ಇದೆ. ಆದರೆ ಕಟ್ಟಿಗೆ ಉರಿಯುವಾಗ ಅದರ ಸ್ವಂತ ತೇವವೂ ಬರುತ್ತದೆ, ಹಾಗಾಗಿ ಉರಿ ಆರಿ ಬರೀ ಕೆಂಡ ಉಳಿದಾಗಲೇ ಇದನ್ನು ಮಾಡಬೇಕು. ರಾತ್ರಿ ಭಟ್ಟಿ ಕೈ ಮುಟ್ಟುವಷ್ಟು ತಣಿದ ಮೇಲೆ ಹೊರಮೈಗೆ ಒಂದು ಪ್ಲಾಸ್ಟಿಕ್ ಹಾಳೆ ಹೊದಿಸಿ, ಬೆಳಗ್ಗೆ ಅದರ ಒಳಮೈ ನೋಡಬಹುದು. ಹನಿ ಕಂಡರೆ ಇನ್ನೂ ಕೆಲಸ ಬಾಕಿ.

ಬಿರುಕು ಬಂದೇ ಬರುತ್ತದೆ. ಕೂದಲೆಳೆಯಂಥ ಗೆರೆಗಳು ಯಾವ ಭಟ್ಟಿಗೂ ತಪ್ಪಿದ್ದಲ್ಲ, ಕಾದಾಗ ಬಿಚ್ಚಿಕೊಂಡು ತಣಿದಾಗ ಮುಚ್ಚಿಕೊಳ್ಳುತ್ತವೆ. ಅದಕ್ಕೆ ಸಿಮೆಂಟು ತುಂಬುವ ಉಸಾಬರಿ ಬೇಡ. ಬೆಂಕಿಯ ನಡುವೆಯಂತೂ ಏನನ್ನೂ ಮೆತ್ತಬೇಡಿ. ಎಲ್ಲ ಮುಗಿದು ಪೂರ್ತಿ ತಣ್ಣಗಾದ ಮೇಲೆ, ಎರಡು-ಮೂರು ಮಿಲಿಮೀಟರ್‌ಗಿಂತ ಅಗಲವಾದ ಬಿರುಕಿದ್ದರೆ ಫೈರ್ ಕ್ಲೇ ಗಾರೆ ತುಂಬಿಸಿ. ಬಿರುಕಿನಿಂದ ಹೊಗೆ ಬರುತ್ತಿದ್ದರೆ, ಒಳಗೆ ಇಟ್ಟಂಗಿ ಕೆಳಗೆ ಇಳಿದಂತೆ ಕಂಡರೆ ಅಲ್ಲಿಗೇ ನಿಲ್ಲಿಸಿ, ಗೌಂಡಿಯನ್ನು ಕರೆಸಿ. ಠಪ್ ಅಂತ ಸದ್ದಾಗಿ ಚೆಕ್ಕೆ ಬಿದ್ದರೆ ಏನಾಯಿತು ಅಂತ ಬಗ್ಗಿ ನೋಡೋಕೆ ಹೋಗಬೇಡಿ. ಹಿಂದೆ ಸರಿದು, ಹೊಸ ಕಟ್ಟಿಗೆ ಹಾಕದೆ, ತಾನಾಗಿ ಆರೋಕೆ ಬಿಡಿ. ಮರುದಿನ ಟಾರ್ಚು ಹಿಡಿದು ನೋಡಿದರೆ ಸಾಕು.

ಇಷ್ಟು ದಿನ ಬರೀ ಕಟ್ಟಿಗೆ ಸುಟ್ಟು ಕೂರೋದಾ ಅಂತ ಮನೆಯಲ್ಲಿ ಗೊಣಗಾಟ ಶುರುವಾಗುತ್ತದೆ. ಮೂರನೆಯ ದಿನದಿಂದ ಕೆಂಡ ಸ್ವಲ್ಪ ಬಾಯಿಯ ಕಡೆ ಎಳೆದು ಗೆಣಸು ಹೂತಿಡಿ, ಬದನೆಕಾಯಿ ಸುಡಿ, ಹಸಿ ಶೇಂಗಾ ಹುರಿಯಿರಿ. ಯಾರೂ ಮಾತಾಡುವುದಿಲ್ಲ.

ಪೂರ್ತಿ ಬೆಂಕಿ

350 ಮುಟ್ಟಿ, ಹೊರಗಿನ ಕಲೆ ಎಲ್ಲ ಹೋಗಿ, ತಾಟಿಗೆ ಮಂಜು ಕಟ್ಟದಿದ್ದರೆ ಮಾತ್ರ ದೊಡ್ಡ ಬೆಂಕಿ. ಇದನ್ನೂ ಒಂದೂವರೆ-ಎರಡು ಗಂಟೆ ಹಿಡಿದು ಏರಿಸಿ. ಇಷ್ಟು ದಿನ ಹೊಗೆ ಹಿಡಿದು ಕರ್ರಗಾಗಿದ್ದ ಗುಮ್ಮಟ ಒಂದು ಹಂತದಲ್ಲಿ ನೆತ್ತಿಯಿಂದ ಬೆಳ್ಳಗಾಗೋಕೆ ಶುರುವಾಗುತ್ತದೆ, ಮಸಿ ಸುಟ್ಟುಹೋಗಿ ಇಟ್ಟಂಗಿಯ ನಿಜವಾದ ಬಣ್ಣ ಕಾಣುತ್ತದೆ. ಅದು ಸುಮಾರು 350-370 ಡಿಗ್ರಿ ದಾಟಿದ ಗುರುತು. ಆ ಬಿಳುಪು ಪೂರ್ತಿ ಕೆಳಗಿನವರೆಗೆ ಇಳಿದ ಮೇಲೆ ಕೆಂಡವನ್ನು ಒಂದು ಬದಿಗೆ ಸರಿಸಿ, ನೆಲ ಗುಡಿಸಿ, ಹತ್ತು-ಹದಿನೈದು ನಿಮಿಷ ಬಿಸಿ ಸಮ ಆಗೋಕೆ ಬಿಡಿ. ಪಿಜ್ಜಾಕ್ಕೆ ನೆಲ 400ರ ಆಸುಪಾಸು ಬೇಕು, ಬ್ರೆಡ್ಡಿಗೆ 220 ರಿಂದ 250 ಸಾಕು. ಗನ್ ಇಲ್ಲದಿದ್ದರೆ ಒಂದು ಚಿಟಿಕೆ ಹಿಟ್ಟು ನೆಲಕ್ಕೆ ಎರಚಿ. ಬಿದ್ದ ಕೂಡಲೇ ಕಪ್ಪಾದರೆ ಬ್ರೆಡ್ಡಿಗೆ ಜಾಸ್ತಿ ಕಾದಿದೆ, ನಿಧಾನಕ್ಕೆ ಕಂದಾದರೆ ಹದ. ಕಡೆಗೆ ಉಳಿದ ಸಣ್ಣ ಕಾವಿನಲ್ಲಿ ಜೋಳದ ರೊಟ್ಟಿ ಜೋಡಿಸಿಟ್ಟರೆ ಬೆಳಗ್ಗೆ ಖಡಕ್ ಆಗಿರುತ್ತವೆ, ಇದು ಭಟ್ಟಿಯ ನಿಜವಾದ ಲಾಭ ಅಂತ ನನ್ನ ಅಭಿಪ್ರಾಯ. ಪಿಜ್ಜಾ ಎಷ್ಟು ದಿನ ತಿಂತೀರಿ.

ಕಟ್ಟಿಗೆ ಉರಿಯುತ್ತಿರುವಾಗ ಬಾಗಿಲು ಗಟ್ಟಿಯಾಗಿ ಮುಚ್ಚಬೇಡಿ. ಒಳಗೆ ಗಾಳಿ ಸಾಲದೆ ಉರಿಯದ ಹೊಗೆ ತುಂಬಿಕೊಳ್ಳುತ್ತದೆ, ಥಟ್ಟನೆ ತೆರೆದರೆ ಗಾಳಿ ನುಗ್ಗಿ ಒಂದು ಉರಿಯ ನಾಲಿಗೆ ಹೊರಗೆ ಬರುತ್ತದೆ. ಯಾರಾದರೂ ಮುಚ್ಚಿಬಿಟ್ಟಿದ್ದರೆ ಪಕ್ಕಕ್ಕೆ ನಿಂತು, ಮೊದಲು ಒಂದು ಬೆರಳಷ್ಟು ಸಂದು ಮಾಡಿ, ಸ್ವಲ್ಪ ಹೊತ್ತು ಬಿಟ್ಟು ತೆರೆಯಿರಿ.

ಬೂದಿ ತಣ್ಣಗಾಗಿದೆ ಅಂತ ನಂಬಬೇಡಿ. ಮೇಲೆ ಬೆಳ್ಳಗಿರುತ್ತದೆ, ಒಳಗೆ ಕೆಂಡ ಮರುದಿನವೂ ಜೀವ ಹಿಡಿದಿರುತ್ತದೆ. ತಿಪ್ಪೆಗೆ ಸುರಿಯುವುದು, ಪ್ಲಾಸ್ಟಿಕ್ ಬುಟ್ಟಿಯಲ್ಲಿ ತುಂಬುವುದು ಬೇಡ. ಮುಚ್ಚಳದ ಕಬ್ಬಿಣದ ಡಬ್ಬಿಯಲ್ಲಿ, ಕಟ್ಟಿಗೆಯಿಂದ ದೂರ, ನೆಲದ ಮೇಲೆ ಎರಡು ದಿನ ಇಟ್ಟು ಆಮೇಲೆ ಗಿಡಕ್ಕೆ ಹಾಕಿ. ಮಕ್ಕಳು ಬಾಯಿಯ ಹತ್ತಿರ ಬರದಂತೆ ನೋಡಿಕೊಳ್ಳುತ್ತೇವೆ, ಆದರೆ ಅವರು ಸುಟ್ಟುಕೊಳ್ಳುವುದು ಕೊಳವೆ ಮುಟ್ಟಿ, ಕಬ್ಬಿಣದ ಬಾಗಿಲು ಮುಟ್ಟಿ. ಬಾಗಿಲು ಕಳಚಿ ಇಡುವ ಜಾಗ ಮೊದಲೇ ಗೊತ್ತುಮಾಡಿ.

ಕೈ ಸುಟ್ಟರೆ 20 ನಿಮಿಷ ಹರಿಯುವ ನಲ್ಲಿ ನೀರಿನ ಕೆಳಗೆ ಹಿಡಿಯಿರಿ. ಉಂಗುರ, ಬಳೆ ಬಾವು ಬರುವ ಮೊದಲೇ ತೆಗೆಯಿರಿ. ಟೂತ್‌ಪೇಸ್ಟು, ಅರಿಶಿನ, ಎಣ್ಣೆ, ಐಸು ಏನೂ ಬೇಡ. ಗುಳ್ಳೆ ದೊಡ್ಡದಿದ್ದರೆ, ಮುಖಕ್ಕೆ ತಾಗಿದ್ದರೆ ದವಾಖಾನೆಗೆ ಹೋಗಿ. ಬೆಂಕಿ ಕೈಮೀರಿದರೆ 101 ಅಥವಾ 112.

ಮಳೆಗಾಲ ಬಂತು ಅಂದರೆ ಭಟ್ಟಿ ಮತ್ತೆ ನೀರು ಕುಡಿಯುತ್ತದೆ. ಇಟ್ಟಂಗಿಗೆ ಅದು ಸಹಜ. ಹೊರಗಿನ ಕೋಟಿಂಗನ್ನು ಭಟ್ಟಿ ಪೂರ್ತಿ ಒಣಗಿದ ಮೇಲೆ, ಮಳೆಗೆ ಮುಂಚೆ ಹಾಕಿಸಿಬಿಡಿ. ಕೊಳವೆಗೆ ಟೋಪಿ, ಬಾಯಿಗೆ ಬಾಗಿಲು, ಮೇಲೊಂದು ತಾಡಪಾಲು, ಆದರೆ ತಾಡಪಾಲನ್ನು ಮೈಗೆ ಅಂಟಿಸಿ ಕಟ್ಟದೆ ಗಾಳಿ ಆಡುವಂತೆ ಬಿಡಿ. ತಿಂಗಳುಗಟ್ಟಲೆ ಸುಮ್ನೆ ಕೂತ ಭಟ್ಟಿಯನ್ನು ದಸರೆಗೆ ಮತ್ತೆ ಹಚ್ಚುವಾಗ ಪೂರ್ತಿ ವಾರದ ಕೆಲಸ ಬೇಕಿಲ್ಲ. ಒಂದು ದಿನ 150, ಮರುದಿನ 250, ಮೂರನೆಯ ದಿನ ನಿಮ್ಮ ಅಡುಗೆ. ತಾಟಿನ ಪರೀಕ್ಷೆ ಮಾತ್ರ ಆಗಲೂ ಮಾಡಿ.